ಬೀಸುಕಲ್ಲಿನ ಎದುರಿಗೆ ಕೂತವಳು

ಸೊಲ್ಲಾಪುರದ ಸಿದ್ಧೇಶ್ವರ ಕೆರೆಯ ದಂಡೆಗೆ ಬಂದು ಕೂತಾಗ ಇನ್ನೂ ಐದೂವರೆ. ನೀರಿನ ನಡುವಿನ ಗುಡಿ ಕತ್ತಲಲ್ಲೇ ಇದೆ. ಒಂದು ದೀಪ ಮಾತ್ರ ಕೆಳಗೆ ನೀರಿನಲ್ಲಿ ಅಲುಗುತ್ತಿದೆ. ಆಚೆ ಭುಯಿಕೋಟೆಯ ಗೋಡೆ. ನಾನು ಓದಲಿಕ್ಕೆಂದು ಅಕ್ಕಲಕೋಟೆ ಕಡೆಯ ಹಳ್ಳಿಯಿಂದ ಈ ಊರಿಗೆ ಬಂದ ಹೊಸತರಲ್ಲಿ ಈ ಹೊತ್ತಿಗೆ ಗಿರಣಿಯ ಭೋಂಗಾ ಕೂಗುತ್ತಿತ್ತು, ಊರು ಅದರ ಕೂಗಿಗೇ ಏಳುತ್ತಿತ್ತು. ಆ ಹಳೆಯ ಗಿರಣಿಗಳು ಮುಚ್ಚಿ ಎಷ್ಟೋ ಕಾಲವಾಯಿತು. ಈಗ ಕೇಳುವುದು ಹಕ್ಕಿಗಳ ದನಿ, ಯಾರೋ ಮೆಟ್ಟಿಲ ಮೇಲೆ ನೀರು ಮೊಗೆಯುವ ಸಪ್ಪಳ.

ಕಳೆದ ವಾರ ಅಕ್ಕಲಕೋಟೆಗೆ ಹೋಗಿದ್ದೆ. ಮೊಮ್ಮಗಳು ಅಲ್ಲಿಯ ಕನ್ನಡ ಶಾಲೆಯಲ್ಲಿ ಓದುತ್ತಾಳೆ. ಬೇಂದ್ರೆಯವರ ಮೇಲೆ ಪ್ರಬಂಧ ಬರೆಯಬೇಕಿತ್ತು. ಕವಿಗೆ ಒಂಬತ್ತು ಮಕ್ಕಳು ಹುಟ್ಟಿದ್ದು, ಆರು ಮಕ್ಕಳು ತೀರಿಕೊಂಡದ್ದು, ಜೇಲು, ಬಡತನ ಎಲ್ಲವನ್ನೂ ಬರೆದಿದ್ದಳು. ಬರೆದು ಮುಗಿಸಿ ಪೆನ್ನು ಕೆಳಗಿಟ್ಟು ಕೇಳಿದಳು: "ಅಜ್ಜಾ, ಕವಿ ಆಗಬೇಕಂದ್ರ ಮನ್ಯಾಗ ಯಾರರೆ ಸಾಯಬೇಕೇನ?"

ನನಗೆ ಆಗ ಉತ್ತರ ಹೊಳೆಯಲಿಲ್ಲ. ತಲೆ ಸವರಿ ಎದ್ದು ಬಂದೆ. ಅಂದಿನಿಂದ ಆ ಮಾತು ನನ್ನ ಬೆನ್ನು ಬಿಟ್ಟಿಲ್ಲ.

ತಪ್ಪು ಆಕೆಯದಲ್ಲ. ದೊಡ್ಡವರಾದ ನಾವೇ ಕವಿಗಳ ಕತೆಯನ್ನು ಹಾಗೆ ಹೇಳುತ್ತ ಬಂದಿದ್ದೇವೆ. ನೊಂದಿದ್ದರು, ಅದಕ್ಕೇ ಬರೆದರು. ಉಂಡ ನೋವೇ ಹಾಡಾಯಿತು ಎಂದು ವೇದಿಕೆಯ ಮೇಲೆ ನಿಂತು ಎಷ್ಟು ಸಲ ಹೇಳಿಲ್ಲ! ನಾನೂ ಹೇಳಿದ್ದೇನೆ. ಈಗ ಆ ಮಾತು ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಮಗು ಸತ್ತ ಮನೆಗಳು ಆ ಕಾಲದಲ್ಲಿ ಓಣಿಗೆ ಹತ್ತು ಇದ್ದವು. ನಮ್ಮ ಮನೆಯೂ ಅದರಲ್ಲೊಂದು.

ನನಗಿಂತ ಮೊದಲು ಹುಟ್ಟಿದ ಅಕ್ಕ ಮೂರು ವರ್ಷದವಳಿದ್ದಾಗ ಜ್ವರ ಬಂದು ಹೋದಳು. ನಾನು ಆಕೆಯನ್ನು ನೋಡಿಲ್ಲ. ಆದರೆ ಆಕೆ ಹೋದ ಮೇಲಿನ ಬೆಳಗುಗಳನ್ನು ಚಿಗವ್ವನ ಬಾಯಿಂದ ಕೇಳಿದ್ದೇನೆ. ಅವ್ವ ಮತ್ತು ಚಿಗವ್ವ ದಿನಾ ಕೋಳಿ ಕೂಗುವ ಹೊತ್ತಿಗೆ ಬೀಸುಕಲ್ಲಿಗೆ ಕೂಡುತ್ತಿದ್ದರು. ಎದುರು ಬದರು ಕೂತು, ಒಂದೇ ಗೂಟಕ್ಕೆ ಇಬ್ಬರೂ ಕೈ ಹಚ್ಚಿ ಜೋಳ ಬೀಸುವುದು. ಒಬ್ಬಳು ಒಂದು ನುಡಿ ಎತ್ತಿದರೆ ಇನ್ನೊಬ್ಬಳು ಹಿಡಿದು ಮುಂದಕ್ಕೆ ಒಯ್ಯುವಳು. ಅಕ್ಕ ಹೋದ ಮೇಲೆ ಅವ್ವ ಕಲ್ಲಿಗೆ ಬಂದು ಕೂತಳು, ಬರದಿದ್ದರೆ ಮನೆಮಂದಿಗೆ ರೊಟ್ಟಿ ಎಲ್ಲಿಂದ ಬರಬೇಕು? ಆದರೆ ಬಾಯಿ ಬಿಡಲಿಲ್ಲ. ಚಿಗವ್ವ ತಾನೇ ನುಡಿ ಎತ್ತಿ, ತಾನೇ ಹಿಡಿದು, ಎರಡೂ ಪಾಲು ಹಾಡುತ್ತ ಹೋದಳಂತೆ. "ಮೂರ ತಿಂಗಳ ನಾ ಒಬ್ಬಾಕಿನ ಹಾಡೀನಿ. ಒಂದಿನ ನಿಮ್ಮವ್ವ ಅರ್ಧ ನುಡಿ ಹಿಡದ್ಲು. ಅವತ್ತ ಹಿಟ್ಟಿಗೆ ನಾವಿಬ್ರೂ ಅತ್ತೀವಿ" ಎಂದು ಚಿಗವ್ವ ಹೇಳುತ್ತಿದ್ದಳು.

ನಾನು ದೊಡ್ಡವನಾದ ಮೇಲೆ ಅವ್ವನನ್ನು ಕೇಳಿದ್ದುಂಟು, ಯವ್ವಾ ಆ ಹಾಡು ಯಾರು ಕಟ್ಟಿದ್ದು ಅಂತ. "ಯಾರ ಕಟ್ಟ್ಯಾರೋ ಏನೋಪ್ಪಾ, ಆ ಕಲ್ಲಿಗೇ ಗೊತ್ತ" ಎಂದಳು.

ನಮ್ಮ ಭಾಗದ ಇಂಥ ಹಾಡುಗಳಿಗೆ ಪುಸ್ತಕದ ಬಾಳು ಸಿಕ್ಕದ್ದು ಭೀಮೆಯ ಆಚೆ ದಂಡೆಯಿಂದ. ವಿಜಯಪುರ ಜಿಲ್ಲೆಯ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ, ಧೂಲಾಸಾಹೇಬ ಎಂಬ ಗೆಳೆಯರು ಹಳ್ಳಿಯ ಹೆಣ್ಣುಮಕ್ಕಳ ಹಾಡುಗಳನ್ನು ಕೇಳಿ ಕೇಳಿ ಬರೆದುಕೊಂಡರು. 1931ರಲ್ಲಿ ಬಂದ 'ಗರತಿಯ ಹಾಡು' ಅವರ ದುಡಿಮೆಯ ಫಲ. ತವರು, ತಾಯಿ, ಕೂಸು, ಅಣ್ಣ ಎಲ್ಲವೂ ಮೂರು ಮೂರು ಸಾಲಿನಲ್ಲಿ. ಹಾಡಿದವರು ಯಾರೋ, ಕಟ್ಟಿದವರು ಯಾರೋ. ಅವರಲ್ಲಿ ಎಷ್ಟು ಮಂದಿ ಕೂಸನ್ನು ಮಣ್ಣಿಗೆ ಕೊಟ್ಟು ಬಂದು ಕಲ್ಲಿಗೆ ಕೂತಿದ್ದರೋ! ದುರಂತ ಬಾಳಿನ ಕವಿಗಳು ಯಾರು ಎಂದು ಯಾರಾದರೂ ಕೇಳಿದರೆ ನಾನು ಮೊದಲು ಇವರ ಕಡೆ ಕೈ ತೋರಿಸುತ್ತೇನೆ. ತೋರಿಸಲಿಕ್ಕೆ ಒಂದು ಹೆಸರೂ ಇಲ್ಲ.

ಆ ಪುಸ್ತಕಕ್ಕೆ ಮುನ್ನುಡಿ ಬರೆದವರಲ್ಲಿ ಬೇಂದ್ರೆ ಒಬ್ಬರು. ಅದೇ ಬೇಂದ್ರೆ ಮುಂದೆ ನಮ್ಮ ಊರಿಗೆ ಬಂದರು. 1944ರಿಂದ 1956ರವರೆಗೆ, ಹನ್ನೆರಡು ವರ್ಷ, ಸೊಲ್ಲಾಪುರದ ಡಿ.ಎ.ವಿ. ಕಾಲೇಜಿನಲ್ಲಿ ಕನ್ನಡ ಕಲಿಸಿದರು. ಈ ಹನ್ನೆರಡು ವರ್ಷವನ್ನು ಕನ್ನಡದ ಜನ ಒಂದು ಸಾಲಿನಲ್ಲಿ ಹೇಳಿ ಮುಗಿಸುತ್ತಾರೆ. ಇಲ್ಲಿರುವ ನನಗೆ ಅದು ಒಂದು ಸಾಲಿನ ಸಂಗತಿಯಾಗಿ ಕಾಣುವುದಿಲ್ಲ.

ಇಲ್ಲಿಗೆ ಬಂದಾಗ ಅವರಿಗೆ ನಲವತ್ತೆಂಟು. ಅದರ ಹಿಂದಿನ ವರ್ಷವೇ, 1943ರಲ್ಲಿ, ಶಿವಮೊಗ್ಗದ ಸಾಹಿತ್ಯ ಸಮ್ಮೇಳನಕ್ಕೆ ಅವರು ಅಧ್ಯಕ್ಷರಾಗಿದ್ದರು. ನಾಡೆಲ್ಲ ತಲೆಬಾಗಿದ ಕವಿ. ಆದರೂ ಸ್ಥಿರವಾದ ಕೆಲಸ ಎಂಬುದು ಆ ವಯಸ್ಸಿನವರೆಗೆ ಅವರ ಕೈಗೆ ಹತ್ತಿರಲಿಲ್ಲ. 'ಗರಿ' ಸಂಕಲನ 1932ರಲ್ಲಿ ಬಂತು. ಅದರಲ್ಲಿನ 'ನರಬಲಿ' ಕವಿತೆಗಾಗಿ ಬ್ರಿಟಿಷ್ ಸರಕಾರ ಅವರನ್ನು ಹಿಂಡಲಗಿ ಜೇಲಿಗೆ ಹಾಕಿತು. ಆಮೇಲೆ ಧಾರವಾಡದ ಹತ್ತಿರದ ಮುಗದದಲ್ಲಿ ನಜರಬಂದಿ. ಹೊರಬಂದ ಮೇಲೆ ಅವರನ್ನು ಕೆಲಸಕ್ಕೆ ತೆಗೆದುಕೊಳ್ಳಲು ಯಾರೂ ಮುಂದಾಗಲಿಲ್ಲ. ಎಂ.ಎ. ಮುಗಿಸುವ ಹೊತ್ತಿಗೆ ನಲವತ್ತರ ಹೊಸ್ತಿಲು. ಮಾಸ್ತಿಯವರ 'ಜೀವನ' ಪತ್ರಿಕೆಯ ಕೆಲಸ, ಗದಗಿನಲ್ಲಿ ಶಾಲೆಯ ಕೆಲಸ, ಹೀಗೆ ಅಲೆದು ಅಲೆದು ಕೊನೆಗೆ ನೆಲೆ ಸಿಕ್ಕದ್ದು ಧಾರವಾಡದಲ್ಲಲ್ಲ, ಈ ಗಡಿಯ ಊರಿನಲ್ಲಿ.

ಮಕ್ಕಳ ಸಾವನ್ನು ಯಾರೂ ತಡೆಯಲಾರರು ಎನ್ನೋಣ. ಅದು ಕಾಲದ ಕೈ, ರೋಗದ ಕೈ. ಆದರೆ ಹೀಗೆ ಅಲೆದಾಡಿಸಿದ್ದು? ಅದು ಮನುಷ್ಯರು ಕೊಟ್ಟದ್ದು, ಮನುಷ್ಯರು ಮನಸ್ಸು ಮಾಡಿದ್ದರೆ ತಪ್ಪಿಸಬಹುದಾಗಿದ್ದದ್ದು. ಬರಹಗಾರರ ದುಃಖವನ್ನು ಕೊಂಡಾಡುವಾಗ ನಾವು ಈ ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿ "ವಿಧಿ" ಎಂದು ಮೇಲೊಂದು ಚೀಟಿ ಅಂಟಿಸುತ್ತೇವೆ. ನನಗೆ ಇದು ಅನ್ಯಾಯವೆಂದೇ ತೋರುತ್ತದೆ. ವಿಧಿಯ ಪಾಲು ವಿಧಿಗೆ ಇರಲಿ, ನಮ್ಮ ಪಾಲು ನಾವು ಒಪ್ಪಿಕೊಳ್ಳಬೇಕು.

ಮೊಮ್ಮಗಳ ಪ್ರಶ್ನೆಗೆ ಮರಳುತ್ತೇನೆ. ಬೇಂದ್ರೆಯವರು ಮಗು ತೀರಿಕೊಂಡಾಗ ಬರೆದ ಆ ಹಾಡು ಕನ್ನಡ ಬಲ್ಲವರಿಗೆಲ್ಲ ಗೊತ್ತು. ಎಷ್ಟೋ ಸಲ ಕೇಳಿದ್ದರೂ ನನಗೆ ಅದರ ಒಂದು ಸಂಗತಿ ಹೊಳೆದದ್ದು ತೀರ ಇತ್ತೀಚೆಗೆ. ಆ ಹಾಡಿನ ನಡುವೆ ಇರುವುದು ಕವಿಯ ನೋವಲ್ಲ. ಎದುರಿಗೆ ಕೂತ ಹೆಂಡತಿಯ ನೋಟ. ತನ್ನ ಎದೆ ಒಡೆದಿದ್ದರೂ ಆ ಗಂಡಸು ಅದನ್ನು ಎತ್ತಿ ತೋರಿಸಲು ಹೋಗುವುದಿಲ್ಲ. ಆಕೆಯ ಕಣ್ಣಲ್ಲಿ ನಿಂತದ್ದನ್ನು ನೋಡುತ್ತಾನೆ, ನೋಡಲಾರದೆ ತತ್ತರಿಸುತ್ತಾನೆ. ಆ ಹಾಡು ಹುಟ್ಟಿದ್ದು ಸಾವಿನಿಂದಲ್ಲ ಎಂದು ನನಗೀಗ ಅನ್ನಿಸುತ್ತದೆ. ಸಾವಿನ ಹೊತ್ತಿನಲ್ಲೂ ಎದುರಿಗೆ ಇನ್ನೊಬ್ಬರು ಕೂತಿದ್ದಾರೆ ಎಂಬುದನ್ನು ಮರೆಯದ ಕಣ್ಣಿನಿಂದ ಹುಟ್ಟಿದ್ದು. ಕಲ್ಲಿನ ಮುಂದೆ ಕೂತ ಚಿಗವ್ವನಿಗೂ ಅಂಥ ಕಣ್ಣಿತ್ತು.

ಹಾಗಾದರೆ ಎದುರಿಗೆ ಕೂತವರ ಕತೆ ಏನು? ಲಕ್ಷ್ಮೀಬಾಯಿ ಎಂದು ಅವರ ಹೆಸರು. 1919ರಲ್ಲಿ ಮದುವೆಯಾಗಿ ಬಂದವರು. ಒಂಬತ್ತು ಹೆತ್ತರು, ಆರನ್ನು ಕಳೆದುಕೊಂಡರು. ಗಂಡನಿಗೆ ಜೇಲಾದಾಗ, ಕೆಲಸವಿಲ್ಲದಾಗ, ಒಲೆ ಹಚ್ಚುವ ಚಿಂತೆ ಅವರದು. 1958ರಲ್ಲಿ 'ಅರಳು ಮರಳು' ಕೃತಿಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದನ್ನು ಕಂಡರು. 1973ರ ಜ್ಞಾನಪೀಠ 'ನಾಕುತಂತಿ'ಗೆ ಬರುವ ಹೊತ್ತಿಗೆ ಅವರಿಲ್ಲ; 1966ರಲ್ಲೇ ತೀರಿಕೊಂಡಿದ್ದರು. ಬೇಂದ್ರೆಯವರ ದುರಂತದ ಬಗ್ಗೆ ಪುಟಗಟ್ಟಲೆ ಓದಿದ್ದೇನೆ. ಲಕ್ಷ್ಮೀಬಾಯಿಯವರ ದುರಂತ ಎಂಬ ತಲೆಬರಹವನ್ನು ಎಲ್ಲೂ ಓದಿಲ್ಲ. ಗೂಟಕ್ಕೆ ಇಬ್ಬರ ಕೈಯೂ ಇತ್ತು. ಹಾಡು ಒಬ್ಬರ ಹೆಸರಿನಲ್ಲಿ ಉಳಿಯಿತು.

ಕವಿಗೆ ಇದು ಗೊತ್ತಿತ್ತು ಎಂಬುದೇ ನನಗೆ ಸಮಾಧಾನ. ಕಾವ್ಯನಾಮ ಇಟ್ಟುಕೊಳ್ಳುವಾಗ ಅವರು ತಮ್ಮ ಹೆಸರಿಗಿಂತ ಮೊದಲು ತಾಯಿಯ ಹೆಸರು ಇಟ್ಟರು: ಅಂಬಿಕಾತನಯದತ್ತ. ತಂದೆ ಹುಡುಗತನದಲ್ಲೇ ಹೋದಮೇಲೆ ಸಾಕಿ ಬೆಳೆಸಿದ ಅಂಬವ್ವ ಆ ಹೆಸರಿನಲ್ಲಿ ಮೊದಲಿಗಳು, ದತ್ತ ಆಮೇಲೆ. ದತ್ತನ ಅವತಾರವೆಂದು ಸ್ವಾಮಿ ಸಮರ್ಥರನ್ನು ನಂಬಿ ದಿನವೂ ಸಾವಿರಾರು ಜನ ಅಕ್ಕಲಕೋಟೆಯ ವಟವೃಕ್ಷದ ಕೆಳಗೆ ಕೈಮುಗಿದು ನಿಲ್ಲುತ್ತಾರೆ. ಅವರಲ್ಲಿ ಎಷ್ಟೋ ಮಂದಿ ಮಕ್ಕಳನ್ನು ಕೇಳಲು ಬಂದ, ಮಕ್ಕಳನ್ನು ಉಳಿಸಿಕೊಡು ಎಂದು ಕೇಳಲು ಬಂದ ತಾಯಂದಿರು. ಆ ಸಾಲಿನಲ್ಲಿ ನಿಂತಾಗಲೆಲ್ಲ ಈ ಕಾವ್ಯನಾಮ ನನ್ನ ನೆನಪಿಗೆ ಬರುತ್ತದೆ.

ಬೇಂದ್ರೆ ಇಲ್ಲಿದ್ದ ಆ ವರ್ಷಗಳಲ್ಲೇ ನಮ್ಮ ಜಿಲ್ಲೆಯ ಪಂಢರಪುರಕ್ಕೆ ಇನ್ನೊಬ್ಬ ಬರಹಗಾರ ಬಂದರು. ಪಾಂಡುರಂಗ ಸದಾಶಿವ ಸಾನೆ. ಎಲ್ಲರ ಬಾಯಲ್ಲಿ ಸಾನೆ ಗುರೂಜಿ. 1947ರ ಮೇ ತಿಂಗಳು, ಸ್ವಾತಂತ್ರ್ಯಕ್ಕೆ ಇನ್ನು ಮೂರು ತಿಂಗಳು. ವಿಠ್ಠಲನ ಗುಡಿಯ ಬಾಗಿಲು ದಲಿತರಿಗೂ ತೆರೆಯಬೇಕೆಂದು ಆ ಬಿಸಿಲಲ್ಲಿ ಉಪವಾಸ ಕೂತರು. ಮೇ ತಿಂಗಳ ನಮ್ಮ ಬಿಸಿಲು ಏನೆಂದು ಇಲ್ಲಿಯವರಿಗೆ ಗೊತ್ತು. ಬಾಗಿಲು ತೆರೆಯಿತು. ಗಾಂಧೀಜಿಯವರ ಕೊಲೆಯ ಮೇಲೆ ಆ ಮನುಷ್ಯ ಒಳಗೊಳಗೇ ಕುಸಿಯುತ್ತ ಹೋದರು. 1950ರ ಜೂನ್ 11ರಂದು ತಮ್ಮ ಬಾಳನ್ನು ತಾವೇ ಮುಗಿಸಿಕೊಂಡರು. ಐವತ್ತು ವರ್ಷ.

ಅವರ 'ಶ್ಯಾಮಚಿ ಆಯಿ' ಪುಸ್ತಕವನ್ನು ಮರಾಠಿ ಮನೆಗಳಲ್ಲಿ ಓದದವರಿಲ್ಲ. ಸೊಲ್ಲಾಪುರದ ಕನ್ನಡ ಮನೆಗಳಲ್ಲೂ ಓದಿದ್ದೇವೆ. ಇಲ್ಲಿ ಎರಡು ನುಡಿಗಳ ನಡುವೆ ಗೋಡೆ ಇಲ್ಲ, ಹೊಸ್ತಿಲು ಅಷ್ಟೆ. 1933ರಲ್ಲಿ ನಾಸಿಕದ ಜೇಲಿನಲ್ಲಿ ಕೂತು ಬರೆದದ್ದು. ಜೇಲಿನಲ್ಲಿದ್ದವರು ಜೇಲಿನ ಕಷ್ಟ ಬರೆಯಲಿಲ್ಲ. ಕೊಂಕಣದ ಬಡ ಮನೆಯಲ್ಲಿ ದುಡಿದು ಸವೆದು ಹೋದ ತಾಯಿಯನ್ನು ಬರೆದರು. ಪುಸ್ತಕದ ಹೆಸರೇ ಆಯಿ. ಮತ್ತೆ ಅದೇ, ಎದುರಿಗೆ ಕೂತವಳು.

ಆದರೂ ಇಲ್ಲಿ ನನ್ನ ಮನಸ್ಸು ಒಂದು ಕ್ಷಣ ನಿಂತುಬಿಡುತ್ತದೆ. ಎಲ್ಲರ ತಾಯನ್ನೂ ಕಂಡ, ಎಲ್ಲರ ಹಸಿವನ್ನೂ ತನ್ನ ಹೊಟ್ಟೆಗೆ ಹಾಕಿಕೊಂಡ ಆ ಮನುಷ್ಯನ ಎದುರಿಗೆ ಆ ಜೂನ್ ತಿಂಗಳಲ್ಲಿ ಯಾರು ಕೂತಿದ್ದರು? ಮೂರು ತಿಂಗಳು ಎರಡೂ ಪಾಲು ಹಾಡುವ ಒಬ್ಬ ಚಿಗವ್ವ ಸಿಕ್ಕಿದ್ದರೆ? ಗೆಳೆಯರು ಇದ್ದರು, ಪ್ರೀತಿಸಿದವರು ಬೇಕಾದಷ್ಟಿದ್ದರು, ಯಾರನ್ನೂ ದೂರಲಾರೆ. ಒಳಗೆ ಕತ್ತಲು ತುಂಬಿದವರು ಎದ್ದು ಕಾಣುವುದಿಲ್ಲ, ಅವರು ಎಲ್ಲರಿಗಿಂತ ಹೆಚ್ಚು ನಗಿಸುತ್ತಲೂ ಇರಬಹುದು. ನಿಮ್ಮ ಮನೆಯಲ್ಲಿ, ನೆರೆಯಲ್ಲಿ ಹಾಡು ನಿಲ್ಲಿಸಿದವರು ಯಾರಾದರೂ ಇದ್ದರೆ ಅವರ ಹತ್ತಿರ ಹೋಗಿ ಕೂಡಿರಿ. ಉಪದೇಶ ಬೇಡ. ಗೂಟಕ್ಕೆ ನಿಮ್ಮದೂ ಒಂದು ಕೈ ಹಚ್ಚಿದರೆ ಸಾಕು. ಹಾಡು ನಿಂತದ್ದು ನಿಮ್ಮದೇ ಆಗಿದ್ದರೆ, ಇವತ್ತೇ ಒಬ್ಬರಿಗೆ ಹೇಳಿರಿ.

ಪೂರ್ವದಲ್ಲಿ ಕೆಂಪಾಗುತ್ತಿದೆ. ಸಂಕ್ರಾಂತಿಯ ಹೊತ್ತಿನಲ್ಲಿ ಈ ದಂಡೆ ಜನರಿಂದ ತುಂಬಿ ತುಳುಕುತ್ತದೆ. ಶರಣ ಸಿದ್ಧರಾಮನ ಜಾತ್ರೆ, ಏಳು ನಂದಿಕೋಲು, ಸೊನ್ನಲಿಗೆ ಎಂದು ಹಿಂದೆ ಕರೆಸಿಕೊಂಡ ಈ ಊರಿನ ಅರವತ್ತೆಂಟು ಲಿಂಗಗಳಿಗೆ ಎಣ್ಣೆಮಜ್ಜನ. 1931ರ ಸಂಕ್ರಾಂತಿಗೆ ಎರಡು ದಿನ ಇದ್ದಾಗ, ಜನವರಿ 12ರಂದು, ಯರವಡಾ ಜೇಲಿನಲ್ಲಿ ಬ್ರಿಟಿಷರು ಈ ಊರಿನ ನಾಲ್ವರನ್ನು ಗಲ್ಲಿಗೇರಿಸಿದರು: ಮಲ್ಲಪ್ಪ ಧನಶೆಟ್ಟಿ, ಜಗನ್ನಾಥ ಶಿಂದೆ, ಶ್ರೀಕಿಸನ್ ಸಾರಡಾ, ಕುರ್ಬಾನ್ ಹುಸೇನ್. ಊರ ನಡುವಿನ ಹುತಾತ್ಮ ಚೌಕದಲ್ಲಿ ನಾಲ್ವರೂ ನಿಂತಿದ್ದಾರೆ. ಕುರ್ಬಾನ್ ಹುಸೇನ್ 'ಗಜನ್ಫರ್' ಎಂಬ ಪತ್ರಿಕೆ ನಡೆಸುತ್ತಿದ್ದವರು. ವಯಸ್ಸು ಇಪ್ಪತ್ತರ ಆಸುಪಾಸು. ಬರೆಯುವ ಕೈ ಇನ್ನೂ ಹದಕ್ಕೆ ಬರುವ ವಯಸ್ಸು ಅದು. ಆ ನಾಲ್ಕು ಮನೆಗಳಲ್ಲಿ ಆ ಸಂಕ್ರಾಂತಿಗೆ ಎಳ್ಳು ಬೆಲ್ಲ ಯಾರು ಕೈಗೆ ಎತ್ತಿಕೊಂಡಿದ್ದಾರು?

ಮುಂದೆ ಕವಿಯಾದ ಜಯದೇವಿತಾಯಿ ಲಿಗಾಡೆ ಆಗ ಹದಿನೆಂಟರ ಹೆಣ್ಣುಮಗಳು, ಇದೇ ಊರಿನವರು. 1912ರಲ್ಲಿ ಅನುಕೂಲಸ್ಥ ಮನೆಯಲ್ಲಿ ಹುಟ್ಟಿ, ಮರಾಠಿಯಲ್ಲಿ ಓದಿ ಬೆಳೆದವರು. ಕನ್ನಡ ಓದುಬರಹ ದೊಡ್ಡವರಾದ ಮೇಲೆ ತಾವೇ ಕಲಿತದ್ದು. ಕಲಿತು ಬರೆದದ್ದೇನು? ಸಿದ್ಧರಾಮನ ಬಾಳನ್ನು, ಅದೂ ಬೀಸುಕಲ್ಲಿನ ತ್ರಿಪದಿಯಲ್ಲಿ, ನಾಲ್ಕು ಸಾವಿರಕ್ಕೂ ಮಿಕ್ಕಿ. ಪಂಡಿತರ ಛಂದಸ್ಸು ಅವರಿಗೆ ಬೇಕಾಗಲಿಲ್ಲ. ನಮ್ಮ ಅವ್ವಂದಿರು ಹಿಟ್ಟಿನ ಜೊತೆ ಸುರಿದ ಆ ಮೂರು ಸಾಲು ಸಾಕಾಯಿತು.

ಅವರ ದುಃಖ ಬೇರೆ ಬಗೆಯದು. ಹೊರಗಿನವರಿಗೆ ಅದು ದುಃಖವೆಂದು ತೋರಲಿಕ್ಕಿಲ್ಲ. ಸೊಲ್ಲಾಪುರ, ಅಕ್ಕಲಕೋಟೆ ಕನ್ನಡ ನಾಡಿಗೆ ಸೇರಬೇಕೆಂದು ಅವರು ಊರೂರು ಅಲೆದು ದುಡಿದರು. 1950ರಲ್ಲಿ ಸಾಹಿತ್ಯ ಸಮ್ಮೇಳನವೂ ಇಲ್ಲೇ ನಡೆದಿತ್ತು, ಎಂ.ಆರ್. ಶ್ರೀನಿವಾಸಮೂರ್ತಿಯವರ ಅಧ್ಯಕ್ಷತೆಯಲ್ಲಿ. 1956ರ ನವೆಂಬರ್ 1ರಂದು ರಾಜ್ಯಗಳ ಗೆರೆ ಎಳೆದಾಗ ನಾವು ಈಚೆ ಉಳಿದೆವು. 1967ರಲ್ಲಿ ಮಹಾಜನ ಆಯೋಗ ಅಕ್ಕಲಕೋಟೆಯನ್ನು ಕರ್ನಾಟಕಕ್ಕೆ ಕೊಡಬೇಕೆಂದಿತು. ಆ ಮಾತು ಕಾಗದದಲ್ಲೇ ಇದೆ. ತಾಯಿಯವರು ತಮ್ಮ ಸಿದ್ಧರಾಮನ ಊರು ಬಿಟ್ಟು ಬಸವಕಲ್ಯಾಣದಲ್ಲಿ ಹೋಗಿ ನೆಲೆಸಿದರು. 1974ರಲ್ಲಿ ಮಂಡ್ಯದ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಆ ಪೀಠದಲ್ಲಿ ಕೂತ ಮೊದಲ ಹೆಣ್ಣುಮಗಳು ಅವರು. 1986ರಲ್ಲಿ ತೀರಿಕೊಂಡರು. ಹುಟ್ಟಿದ ಊರನ್ನು ನಾಲ್ಕು ಸಾವಿರ ನುಡಿಯಲ್ಲಿ ಹಾಡಿದವರಿಗೆ ಆ ಊರು ಪರನಾಡಾಗಿ ಹೋದದ್ದು ನನ್ನ ಮಟ್ಟಿಗೆ ಸಣ್ಣ ದುರಂತವಲ್ಲ. ಆದರೂ ಅವರ ಆ ಸಿದ್ಧರಾಮ ಪುರಾಣದಲ್ಲಿ ಕಹಿ ಹುಡುಕಿದರೆ ಸಿಕ್ಕದು. ಅಲ್ಲಿ ಮಗನನ್ನು ಕಾಯುವ ತಾಯಿ ಸುಗ್ಗವ್ವೆ ಇದ್ದಾಳೆ, ಕೆರೆ ತೋಡುವ ಜನ ಇದ್ದಾರೆ.

ಅವರೆಲ್ಲ ತೋಡಿದ ಕೆರೆಯೇ ಇದು, ನಾನು ಕೂತಿರುವ ಈ ದಂಡೆ.

ಸಂಜೆ ಅಕ್ಕಲಕೋಟೆಗೆ ಫೋನ್ ಮಾಡಿ ಮೊಮ್ಮಗಳಿಗೆ ಹೇಳಬೇಕು. ಇಲ್ಲಮ್ಮ, ಯಾರೂ ಸಾಯಬೇಕಿಲ್ಲ. ಎದುರಿಗೆ ಕೂತವರನ್ನು ನೋಡಲು ಬಂದರೆ ಆಯಿತು. ಆ ಪ್ರಬಂಧದಲ್ಲಿ ಲಕ್ಷ್ಮೀಬಾಯಿ ಎಂಬ ಹೆಸರು ಇಲ್ಲ, ಅದನ್ನು ಸೇರಿಸು. ಆಮೇಲೆ ನಿಮ್ಮ ಓಣಿಯ ಕೊನೆಯಲ್ಲಿ ಜೋಳದ ಕಡಕ್ ರೊಟ್ಟಿ ಬಡಿದು ಮಾರುವ ಮುದುಕಿಗೆ ಇನ್ನೂ ಬೀಸುವ ಹಾಡುಗಳು ನೆನಪಿವೆಯಂತೆ. ಭಾನುವಾರ ಹೋಗಿ ಕೂತು ಬರೆದುಕೋ.

ಓದುವ ನಿಮಗೂ ಇದೇ ಮಾತು. ನಿಮ್ಮ ಮನೆಯಲ್ಲಿ, ಓಣಿಯಲ್ಲಿ ಅಂಥ ಒಬ್ಬಾಕೆ ಇರಬಹುದು. ಒಂದು ನುಡಿಯಾದರೂ ಕೇಳಿ ಬರೆದುಕೊಳ್ಳಿರಿ, ಬರೆದ ಮೇಲೆ ಅದರ ಕೆಳಗೆ ಆಕೆಯ ಹೆಸರು ಹಾಕಿರಿ.